ಪ್ರಹಸನವೂ ಪ್ರೇಕ್ಷಕರ ಆಸನವೂ



ನಾಟಕವನ್ನು ಕುರಿತು ಮಾತನಾಡುವವರು ಕವಿಯ ವಿಷಯವನ್ನು ಹೇಳುತ್ತಾರೆ, ನಟರ ವಿಷಯವನ್ನು ಹೇಳುತ್ತಾರೆ, ಪರದೆ ದೀಪಗಳ ವಿಷಯವನ್ನೂ ಹೇಳುತ್ತಾರೆ. ನೋಡುವವನು ಕುಳಿತ ಕುರ್ಚಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಈ ಸಂಜೆ ನಾನು ಆ ಕುರ್ಚಿಯ ಮಾತನ್ನೇ ಆಡಬೇಕೆಂದಿದ್ದೇನೆ. ಅದಕ್ಕೆ ಕಾರಣ, ನ್ಯೂಯಾರ್ಕು ನಗರದಲ್ಲಿ ನಾನು ಎರಡು ಬಾರಿ ನೋಡಿದ ಒಂದು ಪ್ರಹಸನ. ಮತ್ತು ಎರಡು ಬಾರಿಯೂ ನನ್ನ ಪಕ್ಕದಲ್ಲಿ ಕುಳಿತಿದ್ದ ನನ್ನ ಅಕ್ಕ.

ಪ್ರಹಸನದ ಹೆಸರು 'ದಿ ಪ್ಲೇ ದಟ್ ಗೋಸ್ ರಾಂಗ್'. ಕೆಟ್ಟುಹೋಗುವ ನಾಟಕ ಎಂದು ನಾವು ಕರೆಯಬಹುದು. ಹೆನ್ರಿ ಲೂಯಿಸ್, ಜೊನಾಥನ್ ಸೇಯರ್, ಹೆನ್ರಿ ಶೀಲ್ಡ್ಸ್ ಎಂಬ ಮೂವರು ತರುಣರು ಇದನ್ನು ಬರೆದರು. 2012ರಲ್ಲಿ ಇದು ಲಂಡನ್ನಿನ ಒಂದು ಪಾನಗೃಹದ ಮೇಲಿನ ಓಲ್ಡ್ ರೆಡ್ ಲಯನ್ ಎಂಬ ಪುಟ್ಟ ರಂಗಶಾಲೆಯಲ್ಲಿ ಹುಟ್ಟಿತು. ಅಲ್ಲಿ ಸುಮಾರು 60 ಜನ ಕುಳಿತರೆ ಶಾಲೆ ತುಂಬಿದಂತೆಯೇ. 2014ರಲ್ಲಿ ಡಚೆಸ್ ರಂಗಮಂದಿರಕ್ಕೆ ಬಂದು, ಮರುವರ್ಷ ಆಲಿವಿಯೆ ಪಾರಿತೋಷಕವನ್ನು ಪಡೆಯಿತು. 2017ರ ಏಪ್ರಿಲಿನಲ್ಲಿ ಸಮುದ್ರ ದಾಟಿ ಬ್ರಾಡ್‌ವೇಯ ಲೈಸಿಯಂ ರಂಗಮಂದಿರವನ್ನು ಸೇರಿತು. 1903ರಲ್ಲಿ ಕಟ್ಟಿದ ಆ ಮಂದಿರ ಮೂರಂತಸ್ತಿನದು. ಆಸನಗಳು 900ಕ್ಕೂ ಮೇಲೆ. ಅಲ್ಲಿ ಎರಡು ವರ್ಷಕ್ಕೆ ತುಸು ಕಡಮೆ ನಡೆದು, 2019ರ ಜನವರಿಯಲ್ಲಿ ಮುಗಿಯಿತು. ಮುಗಿದ ಮರುತಿಂಗಳೇ ಕೆಲವು ಬೀದಿಗಳಾಚೆ ನ್ಯೂ ವರ್ಲ್ಡ್ ಸ್ಟೇಜಸ್ ಎಂಬ ಕಡೆ ಮತ್ತೆ ಆರಂಭವಾಯಿತು. ಹಿಂದೆ ಚಲಚ್ಚಿತ್ರ ಮಂದಿರಗಳಾಗಿದ್ದ ನೆಲಮಾಳಿಗೆಯಲ್ಲಿ ಅಲ್ಲಿ ಐದು ರಂಗಶಾಲೆಗಳಿವೆ. ಈ ನಾಟಕಕ್ಕೆ ದೊರೆತ ಶಾಲೆಯಲ್ಲಿ ಸುಮಾರು 350 ಆಸನಗಳು.

ಬ್ರಾಡ್‌ವೇಯಿಂದ ಆಫ್-ಬ್ರಾಡ್‌ವೇಗೆ ಬಂದಿತೆಂದರೆ ಊರ ಹೊರಗೆ ಹೋಯಿತೆಂದು ತಿಳಿಯಬಾರದು. ಈ ಭೇದ ದಾರಿಯದಲ್ಲ, ಕುರ್ಚಿಗಳ ಸಂಖ್ಯೆಯದು. 500 ಅಥವಾ ಅದಕ್ಕೆ ಮೇಲ್ಪಟ್ಟು ಆಸನಗಳಿದ್ದರೆ ಬ್ರಾಡ್‌ವೇ. 100ರಿಂದ 499ರ ವರೆಗೆ ಆಫ್-ಬ್ರಾಡ್‌ವೇ. ಒಂದೇ ಒಂದು ಕುರ್ಚಿಯಿಂದ ಜಾತಿ ಬದಲಾಗುವ ವಿಚಿತ್ರವಿದು! ಇದರಲ್ಲಿ ಕೂಲಿ ಸಂಬಳಗಳ ಲೆಕ್ಕಾಚಾರವೂ ಸೇರಿದೆ. ನಮಗೆ ಅದು ಬೇಡ.

ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಕಾಲೇಜಿನ ಹವ್ಯಾಸಿ ನಾಟಕ ಸಂಘದವರು ಕೊಲೆಯ ರಹಸ್ಯವನ್ನು ಪತ್ತೆಮಾಡುವ ನಾಟಕವೊಂದನ್ನು ಆಡುತ್ತಾರೆ. ಅದರಲ್ಲಿ ಕೆಡಬಹುದಾದದ್ದೆಲ್ಲ ಕೆಡುತ್ತದೆ. ಬಾಗಿಲು ತೆರೆಯುವುದಿಲ್ಲ. ಹೆಣವಾಗಿ ಮಲಗಿದವನ ಕೈಯನ್ನು ಒಬ್ಬರು ತುಳಿಯುತ್ತಾರೆ, ಹೆಣ ನರಳುತ್ತದೆ. ನಾಯಕಿಗೆ ಬಾಗಿಲು ಬಡಿದು ಪ್ರಜ್ಞೆ ತಪ್ಪುತ್ತದೆ. ರಂಗದ ಹಿಂದೆ ಕೆಲಸಮಾಡುತ್ತಿದ್ದ ಹುಡುಗಿ ಕೈಯಲ್ಲಿ ಪುಸ್ತಕ ಹಿಡಿದು ಆ ಪಾತ್ರಕ್ಕೆ ನಿಲ್ಲುತ್ತಾಳೆ. ಮದ್ಯವೆಂದು ಕುಡಿಯಬೇಕಾದೆಡೆ ಬಣ್ಣ ತೊಳೆಯುವ ದ್ರವವಿದ್ದು, ನಟರು ಅದನ್ನು ಬಾಯಿಂದ ಚಿಮ್ಮಿಸುತ್ತಾರೆ. ಮೇಲಂತಸ್ತಿನ ಕೋಣೆಯ ನೆಲ ಆಧಾರ ತಪ್ಪಿ ವಾಲುತ್ತದೆ. ಅದರ ಮೇಲಿನವರು ಜಾರುವ ಸಾಮಾನುಗಳನ್ನು ಹಿಡಿಯುತ್ತ ತಮ್ಮ ಮಾತುಗಳನ್ನು ಒಪ್ಪಿಸುತ್ತಲೇ ಇರುತ್ತಾರೆ. ನಾಟಕವನ್ನು ನಿಲ್ಲಿಸಬೇಕೆಂದು ಮಾತ್ರ ಒಬ್ಬರಿಗೂ ತೋರುವುದಿಲ್ಲ.

ಪರದೆ ಏಳುವ ಮೊದಲೇ ಪ್ರೇಕ್ಷಕರ ಮೈ ಸಡಿಲವಾಗುತ್ತದೆ. ಕೆಲಸದವರ ವೇಷದ ನಟರು ಸಾಲುಗಳ ನಡುವೆ ಕಳೆದುಹೋದ ನಾಯಿಯನ್ನು ಹುಡುಕುತ್ತ ಬರುತ್ತಾರೆ. ಯಾರೋ ಒಬ್ಬ ಬಡಪಾಯಿ ಪ್ರೇಕ್ಷಕನನ್ನು ರಂಗಕ್ಕೆ ಕರೆದು ಬೀಳುವ ಹಲಗೆಯನ್ನು ಹಿಡಿದುಕೊಳ್ಳೆನ್ನುತ್ತಾರೆ. ಮಧ್ಯದಲ್ಲೊಂದು ಪ್ರಸಂಗ: ಪತ್ತೇದಾರನಿಗೆ ಬೇಕಾದ ಲೆಕ್ಕದ ಪುಸ್ತಕ ಸಿಕ್ಕುವುದಿಲ್ಲ, ಅದು ಎಲ್ಲಿದೆಯೆಂದು ಪ್ರೇಕ್ಷಕರಿಗೆಲ್ಲ ಕಾಣುತ್ತಿದೆ. ಒಬ್ಬರು ಕೂಗಿ ಹೇಳುತ್ತಾರೆ, ಬಳಿಕ ಹತ್ತು ಜನ ಕೂಗುತ್ತಾರೆ. ಪತ್ತೇದಾರ ಸಿಟ್ಟಾಗಿ ಪ್ರೇಕ್ಷಕರನ್ನೇ ಗದರಿಸುತ್ತಾನೆ. ಗದರಿಸಿದಷ್ಟೂ ನಗೆ ಹೆಚ್ಚುತ್ತದೆ.

ಈಗ ನನ್ನ ಅಕ್ಕನ ವಿಷಯ. ಆಕೆ ಮಗನ ಮನೆಯಲ್ಲಿ, ನ್ಯೂ ಜೆರ್ಸಿಯಲ್ಲಿ, ಬಹು ಕಾಲದಿಂದ ಇದ್ದಾಳೆ. ಇಂಗ್ಲಿಷು ಅಷ್ಟಕ್ಕಷ್ಟೆ, ಹಾಸ್ಯಕ್ಕೆ ಬೇಕಾದಷ್ಟು ವೇಗದ ಇಂಗ್ಲಿಷಂತೂ ಇಲ್ಲ. ಈ ನಾಟಕಕ್ಕೆ ಭಾಷೆ ಅಷ್ಟಾಗಿ ಬೇಡವೆಂದು ಕೇಳಿದ ಮಗ, ತಾಯಿಗೆ ಚೆನ್ನಾಗಿ ಕಾಣಲೆಂದು ಎರಡನೆಯ ಸಾಲಿನಲ್ಲಿ ಬೆಲೆಯುಳ್ಳ ಆಸನಗಳನ್ನೇ ಕೊಂಡುಕೊಟ್ಟ. ಪ್ರೀತಿಯಿಂದ ಮಾಡಿದ ಕೆಲಸ, ಅದನ್ನು ತಪ್ಪೆನ್ನಲಾರೆ.

ಆ ರಾತ್ರಿ ಅಕ್ಕ ನಗಲಿಲ್ಲ. ಹೆಣದ ಕೈಯನ್ನು ತುಳಿದಾಗ ತನ್ನ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ನೆಲ ವಾಲಿದಾಗ ನನ್ನ ತೋಳನ್ನು ಬಿಗಿಯಾಗಿ ಹಿಡಿದು, "ಅಯ್ಯೋ, ಆ ಹುಡುಗ ಬೀಳುತ್ತಾನಲ್ಲೋ!" ಎಂದಳು. ನಾನು ಇಂಗ್ಲಿಷು ಬಲ್ಲವನು, ನಾಟಕಶಾಸ್ತ್ರವನ್ನೂ ಅಷ್ಟಿಷ್ಟು ಓದಿದವನು. ನಾನೂ ಹೆಚ್ಚೇನೂ ನಗಲಿಲ್ಲ. ನಟನ ಕತ್ತಿನ ನರ ಉಬ್ಬುವುದು ಕಾಣುತ್ತಿತ್ತು, ತೋಳಿನ ನಡುಕ ಕಾಣುತ್ತಿತ್ತು. ನಮ್ಮ ಬೆನ್ನ ಹಿಂದೆ ಮುನ್ನೂರು ಜನರ ನಗೆ, ಪಕ್ಕದ ಮನೆಯ ಮದುವೆಯ ಓಲಗದಂತೆ, ನಮ್ಮದಲ್ಲವೆಂಬಂತೆ ಕೇಳುತ್ತಿತ್ತು. ಮನೆಗೆ ಹೋಗುವಾಗ ಅಕ್ಕ, ಆ ಹುಡುಗನಿಗೆ ಎಷ್ಟು ಸಂಬಳ ಕೊಡುತ್ತಾರೆಂದು ವಿಚಾರಿಸಿದಳು.

ಕೆಲವು ವಾರಗಳಾದ ಮೇಲೆ ನೆಂಟರೊಬ್ಬರು ಬಂದರು. ಅವರಿಗೂ ಅದೇ ನಾಟಕವನ್ನು ತೋರಿಸಬೇಕಾಯಿತು. ಸಿಕ್ಕಿದ್ದು ಕೊನೆಯ ಸಾಲುಗಳು. ಬರಲೊಲ್ಲೆನೆಂದ ಅಕ್ಕನನ್ನು ಬಲವಂತದಿಂದ ಕರೆದುಕೊಂಡು ಹೋದೆವು. ಆ ರಾತ್ರಿ ಅದೇ ಬಾಗಿಲು, ಅದೇ ಹೆಣ, ಅದೇ ನೆಲ. ಅಕ್ಕ ಮೊದಲು ಸುಮ್ಮನಿದ್ದಳು. ಬಳಿಕ ಸಣ್ಣಗೆ ನಕ್ಕಳು. ವಿರಾಮದ ಹೊತ್ತಿಗೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು. ಲೆಕ್ಕದ ಪುಸ್ತಕದ ಪ್ರಸಂಗದಲ್ಲಿ, "ಅಲ್ಲೇ ಇದೆಯಲ್ಲಯ್ಯಾ!" ಎಂದು ಕನ್ನಡದಲ್ಲಿಯೇ ಕೂಗಿಬಿಟ್ಟಳು. ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿ, ಅರ್ಥವಾದವರಂತೆ ತಲೆಯಾಡಿಸಿದರು.

ಹಿಂದಿನ ಬಾರಿ ಇಲ್ಲದ ನಗೆ ಈ ಬಾರಿ ಎಲ್ಲಿಂದ ಬಂದಿತೆಂದು ಕೇಳಿದೆ. "ಅವತ್ತು ಆ ಹುಡುಗನ ಬೆವರು ಕಾಣುತ್ತಿತ್ತು, ಇವತ್ತು ಕಾಣಲಿಲ್ಲ" ಎಂದಳು.

ಫ್ರಾನ್ಸಿನ ತತ್ತ್ವಜ್ಞಾನಿ ಬರ್ಗ್‌ಸನ್ 1900ರಲ್ಲಿ ನಗೆಯನ್ನು ಕುರಿತು ಒಂದು ಗ್ರಂಥವನ್ನು ಬರೆದ. ನಗಬೇಕಾದರೆ ಹೃದಯಕ್ಕೆ ಕ್ಷಣಕಾಲ ಮಂಪರು ಕವಿಯಬೇಕು ಎಂಬುದು ಅವನ ಒಂದು ಮಾತು. ನಗೆ ಯಾವಾಗಲೂ ಗುಂಪಿನ ನಗೆ ಎಂಬುದು ಇನ್ನೊಂದು. ಅಕ್ಕನ ಉತ್ತರ ಮೊದಲನೆಯ ಮಾತಿಗೆ ಸಾಕ್ಷಿಯಂತೆ ತೋರಬಹುದು. ನಾನು ಹಾಗೆ ಒಪ್ಪಲಾರೆ. ಹಿಂದಿನ ಸಾಲಿನಲ್ಲಿ ಕುಳಿತಾಗ ಆಕೆಯ ಹೃದಯವೇನೂ ಮರಗಟ್ಟಲಿಲ್ಲ. ಅಲ್ಲಿ ಆಕೆಯ ಕಣ್ಣ ಮುಂದೆ ರಂಗವಷ್ಟೇ ಇರಲಿಲ್ಲ. ಕುಲುಕುವ ನೂರಾರು ಭುಜಗಳಿದ್ದುವು. ಇಷ್ಟು ಜನ ನಗುತ್ತಿದ್ದಾರೆಂದ ಮೇಲೆ ಹುಡುಗನಿಗೆ ಪೆಟ್ಟಾಗಿರಲಾರದು ಎಂಬ ಧೈರ್ಯ ಆ ಭುಜಗಳಿಂದ ಬಂದಿತು. ಮುಂದಿನ ಸಾಲಿನವನಿಗೆ ಈ ಅಭಯವನ್ನು ಕೊಡುವವರಿಲ್ಲ. ಅವನು ಹೆಚ್ಚು ಹಣ ಕೊಟ್ಟು ಸಂಕಟದ ಹತ್ತಿರ ಒಂಟಿಯಾಗಿ ಕುಳಿತಿರುತ್ತಾನೆ.

ಹಾಗೆಂದು ಎಷ್ಟು ದೂರವಾದರೆ ಅಷ್ಟು ಒಳ್ಳೆಯದೆಂದೂ ಅಲ್ಲ. ಭರತಮುನಿ ಮಧ್ಯಮ ಪ್ರಮಾಣದ ನಾಟ್ಯಗೃಹಕ್ಕೆ 64 ಹಸ್ತಗಳ ಉದ್ದ, 32 ಹಸ್ತಗಳ ಅಗಲವನ್ನು ಹೇಳಿದ್ದಾನೆ. ಹಸ್ತವೆಂದರೆ ಒಂದೂವರೆ ಅಡಿಯೆಂದು ಇಟ್ಟುಕೊಂಡರೆ 96 ಅಡಿಗೆ 48 ಅಡಿ. ಅದರಲ್ಲಿ ಅರ್ಧ ರಂಗಕ್ಕೂ ನೇಪಥ್ಯಕ್ಕೂ ಹೋಗುತ್ತದೆ. ಮಂದಿರ ಅದಕ್ಕಿಂತ ಹಿರಿದಾದರೆ ಮಾತು ಅಸ್ಪಷ್ಟವಾಗುವುದು, ಮುಖದ ಭಾವ ಕಾಣದೆಹೋಗುವುದು ಎಂದು ಎಚ್ಚರಿಸುತ್ತಾನೆ. ಆಸನಗಳು ಮೆಟ್ಟಿಲು ಮೆಟ್ಟಿಲಾಗಿರಬೇಕೆಂಬುದನ್ನೂ ಮರೆತಿಲ್ಲ. ಲೈಸಿಯಂ ರಂಗಮಂದಿರದ ಮೂರನೆಯ ಅಂತಸ್ತಿಗಿಂತ ನೆಲಮಾಳಿಗೆಯ 350 ಆಸನಗಳ ಶಾಲೆಯನ್ನೇ ಮುನಿ ಮೆಚ್ಚುತ್ತಿದ್ದನೆಂದು ನನ್ನ ಊಹೆ. ನಗೆಯಲ್ಲಿ ಆರು ಬಗೆಯನ್ನು ಹೇಳಿದವನೂ ಅವನೇ. ಮುಗುಳ್ನಗೆಯಾದ ಸ್ಮಿತ ಉತ್ತಮರದು; ಭುಜ ಕುಲುಕಿ ಕಣ್ಣಲ್ಲಿ ನೀರು ಬರುವ ನಗೆ ಅಧಮರದು. ಇದನ್ನು ನಾನು ಅಕ್ಕನಿಗೆ ತಿಳಿಸಿಲ್ಲ.

ನಾಟ್ಯಶಾಸ್ತ್ರದಲ್ಲಿಯೇ ಇನ್ನೊಂದು ಸ್ವಾರಸ್ಯವಿದೆ. ಪ್ರಯೋಗದ ಸಿದ್ಧಿಯನ್ನು ಹೇಳುವ ಅಧ್ಯಾಯದಲ್ಲಿ ಘಾತಗಳ ಪಟ್ಟಿಯೂ ಉಂಟು: ನಟನು ಮಾತನ್ನು ಮರೆಯುವುದು, ಮತ್ತೊಬ್ಬನ ಮಾತನ್ನು ತಾನು ಆಡುವುದು, ಕಿರೀಟ ಆಭರಣಗಳು ಕಳಚಿ ಬೀಳುವುದು. ಇವು ಸಿದ್ಧಿಗೆ ಶತ್ರುಗಳು. ಪ್ರೇಕ್ಷಕರ ನಗೆಯೂ 'ಆಹಾ' ಎಂಬ ಉದ್ಗಾರವೂ ಸಿದ್ಧಿಯ ಚಿಹ್ನೆಗಳು. ಈ ಪ್ರಹಸನವಾದರೋ ಮೊದಲಿನಿಂದ ಕೊನೆಯ ವರೆಗೆ ಘಾತಗಳಿಂದಲೇ ಕಟ್ಟಿದ್ದು, ಆ ಘಾತಗಳಿಂದಲೇ ಸಿದ್ಧಿಯನ್ನು ಪಡೆಯುತ್ತದೆ. ಬೀಳುವ ಗೋಡೆ ಪ್ರತಿ ರಾತ್ರಿ ಸರಿಯಾದ ಕ್ಷಣದಲ್ಲಿ, ಸರಿಯಾದ ಜಾಗದಲ್ಲಿ ಬೀಳಬೇಕು. ಒಂದಂಗುಲ ತಪ್ಪಿದರೆ ನಿಜವಾದ ಘಾತ. 2017ರಲ್ಲಿ ಇದರ ರಂಗಸಜ್ಜಿಕೆಗೆ ಟೋನಿ ಪಾರಿತೋಷಕ ದೊರೆತದ್ದು ನ್ಯಾಯವೇ ಸರಿ.

ಇದೇ ತಂಡದವರು 2016ರಿಂದ ಬಿ.ಬಿ.ಸಿ. ದೂರದರ್ಶನಕ್ಕಾಗಿ ಇದೇ ಬಗೆಯ ಆಟಗಳನ್ನು ಮಾಡಿದರು. ಕ್ಯಾಮೆರಾದ ಮುಂದೆ ಮಾತ್ರ ಆಡಿದರೆ ಸಾಲದೆಂದು ಪ್ರೇಕ್ಷಕರನ್ನು ಕುಳ್ಳಿರಿಸಿಕೊಂಡೇ ಚಿತ್ರಿಸಿದರು. ಮನೆಯಲ್ಲಿ ಸೋಫಾದ ಮೇಲೆ ಕುಳಿತು ಅದನ್ನು ನೋಡಿದೆವು. ನಗೆ ಬಂದಿತು, ಆದರೆ ಅರ್ಧ. ಅಕ್ಕ ನಡುವೆ ಎದ್ದು ಒಲೆಯ ಮೇಲಿನ ಹಾಲನ್ನು ನೋಡಿ ಬಂದಳು. ರಂಗಶಾಲೆಯಲ್ಲಿ ಹಾಲಿನ ಯೋಚನೆ ಬಂದಿರಲಿಲ್ಲ.

ನಾನೂ ಈಗ ಗೋಡೆಗೆ ಮೆತ್ತೆ ಹೊದಿಸಿದ ಕೋಣೆಯಲ್ಲಿ ಒಬ್ಬನೇ ಕುಳಿತು ಮಾತನಾಡುತ್ತಿದ್ದೇನೆ. ಅಕ್ಕ ಕೂಗಿದ ಮಾತನ್ನು ಹೇಳಿದಾಗ ನಿಮ್ಮಲ್ಲಿ ಯಾರಾದರೂ ನಕ್ಕಿರೋ ಇಲ್ಲವೋ ತಿಳಿಯುವ ಉಪಾಯ ನನಗಿಲ್ಲ. ನಕ್ಕಿದ್ದರೆ ಪಕ್ಕದ ಮನೆಯವರೂ ನಕ್ಕರೇ ಎಂದು ತಿಳಿಯುವ ಉಪಾಯ ನಿಮಗಿಲ್ಲ.

ಹೊರಡುವ ಹಿಂದಿನ ದಿನ ಅಳಿಯ ಮತ್ತೊಂದು ಪ್ರಹಸನಕ್ಕೆ ಟಿಕೀಟು ಕೊಳ್ಳಬೇಕೆಂದು ಆಸನಗಳ ನಕ್ಷೆಯನ್ನು ತೆರೆದು ತಾಯಿಯ ಮುಂದೆ ಹಿಡಿದ. ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಕೊನೆಯಿಂದ ನಾಲ್ಕನೆಯ ಸಾಲಿನ ನಡುಭಾಗವನ್ನು ಬೆರಳಿಟ್ಟು ತೋರಿಸಿದಳು. "ನಮ್ಮ ಮುಂದಿನ ಸಾಲುಗಳು ತುಂಬಿವೆಯೋ ಇಲ್ಲವೋ, ಅದನ್ನು ಮೊದಲು ನೋಡು" ಎಂದಳು.