ಬಾವುಟ ಹಿಡಿಯುವ ಮುನ್ನ
(ಸಂಘದ ಭಾನುವಾರದ ಸಭೆಯಲ್ಲಿ ಆಡಿದ ಮಾತು)



ನಮ್ಮ ಹೋಟೆಲುಗಳ ಸಪ್ಲೈಯರುಗಳೂ ಕ್ಲೀನರುಗಳೂ ಈಗ ರಸ್ತೆ ಕಾಮಗಾರಿಯಲ್ಲಿ ಬಾವುಟ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದಾರೆ. ಚೆನ್ನೈ ಮೆಟ್ರೋದ ಎರಡನೆಯ ಹಂತಕ್ಕೆ 2020ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಒಟ್ಟು 118.9 ಕಿಲೋಮೀಟರು, ಮೂರು ಮಾರ್ಗ. ಅದಕ್ಕಾಗಿ ಊರಿನ ಎಷ್ಟೋ ರಸ್ತೆಗಳಲ್ಲಿ ತಡೆಬೇಲಿ ಬಿದ್ದಿತು. ಬೇಲಿ ಬಿದ್ದಲ್ಲಿ ವಾಹನ ನಿಲ್ಲಿಸಿ ಬಿಡಲು ಆಳು ಬೇಕು.

ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಕಲಿತು ಹೋಗಿರಿ ಎನ್ನುತ್ತೇವೆ. ನಮ್ಮ ಹುಡುಗನೊಬ್ಬನಿಗೆ ಗುತ್ತಿಗೆದಾರನೊಬ್ಬ ಮೊದಲ ರಾತ್ರಿಯೇ ಬಾವುಟ ಕೊಟ್ಟು ಬೇಲಿಯ ತುದಿಯಲ್ಲಿ ನಿಲ್ಲಿಸಿದ. ಲಾರಿ ತೋಳಿಗೆ ತಾಗಿತು. ಕೈ ಉಳಿಯಿತು, ಎರಡು ತಿಂಗಳ ಕೂಲಿ ಹೋಯಿತು.

ಕಲಿಯುವುದಾದರೂ ಏನು? ಕಾಮಗಾರಿ ನಡೆಯುವ ರಸ್ತೆಯನ್ನು ನಾಲ್ಕು ಭಾಗ ಮಾಡುತ್ತಾರೆ: ಮೊದಲು ಎಚ್ಚರಿಕೆಯ ಹಲಗೆಗಳು, ಆಮೇಲೆ ರಸ್ತೆ ಕಿರಿದಾಗುವ ಜಾಗ, ನಂತರ ಕೆಲಸದ ಜಾಗ, ಕೊನೆಗೆ ರಸ್ತೆ ಮತ್ತೆ ಅಗಲವಾಗುವ ಜಾಗ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯಲ್ಲಿ ಇದೆಲ್ಲ ಇದೆ. ಬಾವುಟದವನು ಎಚ್ಚರಿಕೆಯ ಹಲಗೆ ದಾಟಿದ ಮೇಲೆ, ದೂರದಿಂದ ಕಾಣುವಂತೆ, ರಸ್ತೆಯ ಅಂಚಿನಲ್ಲಿ ನಿಲ್ಲಬೇಕು. ವಾಹನದ ದಾರಿಯಲ್ಲಲ್ಲ. ಬೆನ್ನು ಎಂದೂ ಬರುವ ವಾಹನಕ್ಕೆ ಇರಬಾರದು. ಪಕ್ಕಕ್ಕೆ ಹಾರಿಕೊಳ್ಳಲು ಜಾಗ ಮೊದಲೇ ನೋಡಿಟ್ಟುಕೊಳ್ಳಬೇಕು.

ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರಿನಲ್ಲಿ ಬರುವ ಬಸ್ಸು ಒಂದು ಸೆಕೆಂಡಿಗೆ ಸುಮಾರು 14 ಮೀಟರು ಓಡುತ್ತದೆ. ಚಾಲಕ ಕಂಡು ಬ್ರೇಕು ಒತ್ತಲು ಎರಡು ಸೆಕೆಂಡು ಹಿಡಿದರೆ ಅಷ್ಟರಲ್ಲೇ 28 ಮೀಟರು ಸಂದಿತು. ಬಸ್ಸು ನಿಲ್ಲುವುದು ಅದರಾಚೆ. ಕೊನೆಯ ಗಳಿಗೆಯಲ್ಲಿ ಬಾವುಟ ಎತ್ತಿ ಪ್ರಯೋಜನವಿಲ್ಲ.

ಒಂದೇ ದಾರಿಯಲ್ಲಿ ಎರಡೂ ಕಡೆಯವರನ್ನು ಸರದಿಯಂತೆ ಬಿಡುವುದಾದರೆ ಎರಡು ತುದಿಗೆ ಇಬ್ಬರು ಬೇಕು. ಒಬ್ಬರಿಗೊಬ್ಬರು ಕಾಣದಿದ್ದರೆ ವಾಕಿಟಾಕಿ ಬೇಕು. ಆ ಕಡೆಯಿಂದ ಬಿಟ್ಟ ಕೊನೆಯ ಗಾಡಿ ಯಾವುದೆಂದು ಕೇಳಿ, ಅದು ದಾಟಿದ ಮೇಲೆಯೇ ಈ ಕಡೆ ಹಸಿರು ತೋರಿಸಬೇಕು. ರಾತ್ರಿ ಬಟ್ಟೆಯ ಬಾವುಟ ಕಾಣದು. ಕೆಂಪು ದೀಪದ ಕೋಲು, ಬೆಳಕಿಗೆ ಹೊಳೆಯುವ ಅಂಗಿ ಇರಲೇಬೇಕು.

ನಾವು ಪೋಲೀಸರಲ್ಲ. ಬೈದವನೊಡನೆ ಜಗಳಕ್ಕೆ ನಿಲ್ಲಬಾರದು. ಗಲ್ಲಾದ ಮುಂದೆ ಕೂಗುವ ಗಿರಾಕಿಯನ್ನು ಸಮಾಧಾನ ಮಾಡಿದವರು ನಾವು. ಆ ತಾಳ್ಮೆ ಇಲ್ಲಿ ಪ್ರಾಣ ಉಳಿಸುತ್ತದೆ. "ನಿಲ್ಲುಂಗೊ", "ಮೆದುವಾ ಪೋಂಗೊ" ಎನ್ನಲು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಹಕ್ಕಿನ ಮಾತು. ಕಲಿಯುವ ದಿನಗಳಿಗೂ ಕೂಲಿ ಕೇಳಿರಿ. ಹೆಲ್ಮೆಟ್ಟು, ಬೂಟು, ಕುಡಿಯುವ ನೀರು, ಬಿಸಿಲಿನಲ್ಲಿ ಬದಲಿ ಆಳು ಕೇಳಿರಿ. ತಮಿಳುನಾಡಿನಲ್ಲಿ ಕಟ್ಟಡ ಕಾರ್ಮಿಕರ ಕ್ಷೇಮ ಮಂಡಳಿ 1994ರಲ್ಲೇ ಆಗಿದೆ. ಅಲ್ಲಿ ನಿಮ್ಮ ಹೆಸರು ಸೇರುತ್ತದೆಯೇ ಎಂದು ಸೇರುವ ದಿನವೇ ವಿಚಾರಿಸಿರಿ. ಹಾಜರಿ ಚೀಟಿ ಜೋಪಾನ ಮಾಡಿರಿ.

1918ರಲ್ಲಿ ಪೆರಂಬೂರಿನ ಗಿರಣಿ ಕಾರ್ಮಿಕರು ಮದರಾಸ್ ಲೇಬರ್ ಯೂನಿಯನ್ ಕಟ್ಟಿದರು. ಊಟದ ಬಿಡುವು ಸಾಲದೆಂಬುದು ಅವರ ದೂರುಗಳಲ್ಲೊಂದು. ಅವರ ಗಿರಣಿ 1996ರಲ್ಲಿ ಮುಚ್ಚಿತು. ಅವರು ಕೇಳಿದ ಮಾತು ಹಳತಾಗಿಲ್ಲ. ಎಂಟು ಗಂಟೆ ಬಿಡುವಿಲ್ಲದೆ ನಿಂತವನ ಕಣ್ಣು ಮಂಕಾದರೆ ಸಾಯುವವರು ಅವನೊಬ್ಬನೇ ಅಲ್ಲ, ಹಿಂದೆ ಗುಂಡಿಯಲ್ಲಿ ಅಗೆಯುತ್ತಿರುವವರೂ.

ಹೋಗುವವರು ಮೊದಲು ಸಂಘದಲ್ಲಿ ಹೆಸರು ಬರೆಸಿರಿ. ಒಬ್ಬೊಬ್ಬರೇ ಕೇಳಿದರೆ ಮೇಸ್ತ್ರಿ ಬೇರೆ ಆಳು ನೋಡುತ್ತಾನೆ. ಹತ್ತು ಜನ ಕೂಡಿ, ಕಲಿಸದೆ ಬಾವುಟ ಮುಟ್ಟುವುದಿಲ್ಲ ಎಂದರೆ, ಕಲಿಸುತ್ತಾನೆ.