ಬಿದ್ದು ಎದ್ದ ಒಂದು ಕಾಲ್ಚೆಂಡಿನ ಸಂಘ

ಇಂಗ್ಲೆಂಡಿನ ಫುಟ್‌ಬಾಲ್ ಎಂದೊಡನೆ ನಿಮಗೆ ನೆನಪಾಗುವುದು ಮ್ಯಾಂಚೆಸ್ಟರ್, ಲಿವರ್‌ಪೂಲ್, ಲಂಡನ್ ಮೊದಲಾದ ಮಹಾನಗರಗಳ ತಂಡಗಳು. ನಾನು ಇಂದು ಹೇಳಹೊರಟಿರುವುದು ಅವುಗಳ ಕಥೆಯಲ್ಲ. ಹೆರಿಫರ್ಡ್ ಎಂಬ ಚಿಕ್ಕ ನಗರದ ಒಂದು ಸಂಘದ ಕಥೆ. ಈ ಸಂಘ ಒಂದು ದಿನದ ಆಟದಿಂದ ದೇಶಕ್ಕೆಲ್ಲ ಹೆಸರಾಯಿತು, ತೊಂಬತ್ತು ವರ್ಷ ಬಾಳಿ ಸತ್ತುಹೋಯಿತು, ಮತ್ತೆ ಹುಟ್ಟಿತು. ಆಟದ ಸಂಘವೊಂದು ಸಾಯುವುದೆಂದರೇನು? ಸತ್ತ ಮೇಲೆ ಹುಟ್ಟಿದ್ದು ಹಳೆಯದೇ ಹೌದೆ? ಈ ಪ್ರಶ್ನೆಗಳನ್ನು ನೀವು ಮನಸ್ಸಿನ ಮೂಲೆಯಲ್ಲಿಟ್ಟುಕೊಂಡಿರಬೇಕೆಂದು ನನ್ನ ಕೋರಿಕೆ.

ಹೆರಿಫರ್ಡ್ ಇರುವುದು ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸಿನ ಗಡಿಗೆ ಹತ್ತಿರ, ವೈ ನದಿಯ ದಡದಲ್ಲಿ. ಅಲ್ಲಿನ ಪುರಾತನ ಕೆಥೀಡ್ರಲಿನಲ್ಲಿ ಸುಮಾರು 1300ರಲ್ಲಿ ಚರ್ಮದ ಮೇಲೆ ಬರೆದ ಜಗತ್ತಿನ ನಕ್ಷೆಯೊಂದಿದೆ. ಸುತ್ತಲೂ ಸೇಬಿನ ತೋಟಗಳು. ಕೆಂಪು ಮೈ, ಬಿಳಿ ಮುಖದ ಹೆರಿಫರ್ಡ್ ದನಗಳ ತಳಿ ಈ ಸೀಮೆಯದೇ. ದೊಡ್ಡ ಪಂದ್ಯವಿದ್ದ ದಿನ ಆಟಕ್ಕೆ ಮುಂಚೆ ಇಂಥದೊಂದು ಗೂಳಿಯನ್ನು ಮೈದಾನದ ಸುತ್ತ ಮೆರೆಸುವುದು ಇಲ್ಲಿನ ಪದ್ಧತಿ. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಸಿಂಗರಿಸಿ ಮೆರೆಸುವ ನಾಡಿನವರಾದ ನಮಗೆ ಇದೇನೂ ವಿಚಿತ್ರವೆನಿಸದು.

ಈ ಊರಿನ ಎರಡು ಸ್ಥಳೀಯ ತಂಡಗಳು 1924ರಲ್ಲಿ ಒಂದಾಗಿ ‘ಹೆರಿಫರ್ಡ್ ಯುನೈಟೆಡ್’ ಎಂಬ ಸಂಘವಾಯಿತು. ಎಡ್ಗರ್ ಸ್ಟ್ರೀಟ್ ಎಂಬ ಬೀದಿಯ ಮೈದಾನವೇ ಅದರ ಮನೆ; ಬಿಳಿಯ ಅಂಗಿ, ಕರಿಯ ಚಡ್ಡಿ ಅದರ ಉಡುಪು. 1939ರಲ್ಲಿ ಅದು ಸದರ್ನ್ ಲೀಗನ್ನು ಸೇರಿತು. 1957ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡವನ್ನು ಎಫ್.ಎ. ಕಪ್ಪಿನಲ್ಲಿ 6-1ರಿಂದ ಸೋಲಿಸಿತು. ಮುಂದಿನ ಸುತ್ತಿನಲ್ಲಿ, 1958ರ ಜನವರಿಯಲ್ಲಿ, ಷೆಫೀಲ್ಡ್ ವೆನ್ಸ್‌ಡೇ ತಂಡದ ಎದುರಿನ ಪಂದ್ಯಕ್ಕೆ 18,114 ಮಂದಿ ನೆರೆದರು. ಪಂದ್ಯವೇನೋ 0-3ರಿಂದ ಸೋತಿತು. ಆದರೆ ಆ ಮೈದಾನ ಅಷ್ಟು ಜನರನ್ನು ಮತ್ತೆಂದೂ ಕಂಡಿಲ್ಲ. 1966ರಲ್ಲಿ ಇಟಲಿಯ ಯುವೆಂಟಸ್ ತಂಡದಲ್ಲಿ ಆಡಿ ಮೆರೆದಿದ್ದ ವೇಲ್ಸಿನ ಜಾನ್ ಚಾರ್ಲ್ಸ್ ಇಲ್ಲಿಗೆ ಬಂದು, ಆಡುತ್ತಲೂ ಆಡಿಸುತ್ತಲೂ 1971ರವರೆಗೆ ಇದ್ದರು.

ಮುಂದಿನ ಮಾತು ತಿಳಿಯಬೇಕಾದರೆ ಅಲ್ಲಿನ ಏರ್ಪಾಟನ್ನು ಸ್ವಲ್ಪ ಹೇಳಬೇಕು. ಆ ಕಾಲದಲ್ಲಿ ಫುಟ್‌ಬಾಲ್ ಲೀಗಿನಲ್ಲಿ ನಾಲ್ಕು ವಿಭಾಗಗಳು, 92 ತಂಡಗಳು. ಹೆರಿಫರ್ಡಿನಂಥ ಉಳಿದ ತಂಡಗಳೆಲ್ಲ ಬೇಲಿಯ ಹೊರಗೆ. ಹೊರಗಿನವರು ತಮ್ಮ ಲೀಗಿನಲ್ಲಿ ಮೊದಲಿಗರಾಗಿ ಬಂದರೂ ಒಳಗೆ ಪ್ರವೇಶದ ಹಕ್ಕಿಲ್ಲ; ಒಳಗಿದ್ದ ಸಂಘಗಳು ಮತ ಹಾಕಿ ಕರೆದುಕೊಂಡರೆ ಮಾತ್ರ ಉಂಟು. ಒಳಗಿನವರೋ ತಮ್ಮವರನ್ನು ಬಿಟ್ಟುಕೊಡುವುದು ಅಪರೂಪ. ಒಳಗಿನವರು ಹೊರಗಿನವರು ಒಂದೇ ಅಂಗಳದಲ್ಲಿ ಎದುರಾಗುತ್ತಿದ್ದುದು ಎಫ್.ಎ. ಕಪ್ಪಿನಲ್ಲಿ.

1972ರ ಜನವರಿಯಲ್ಲಿ ಆ ಕಪ್ಪಿನ ಮೂರನೆಯ ಸುತ್ತಿನಲ್ಲಿ ಹೆರಿಫರ್ಡಿಗೆ ಎದುರಾದದ್ದು ಮೊದಲನೆಯ ವಿಭಾಗದ ನ್ಯೂಕಾಸಲ್ ಯುನೈಟೆಡ್. ಮಳೆಯಿಂದ ಮುಂದಕ್ಕೆ ಹೋದ ಪಂದ್ಯ ಕೊನೆಗೆ ಜನವರಿ 24ರಂದು ನ್ಯೂಕಾಸಲಿನಲ್ಲಿ ನಡೆದಾಗ, ಮೊದಲ ನಿಮಿಷ ಮುಗಿಯುವುದರೊಳಗೆ ಹೆರಿಫರ್ಡಿನ ಬ್ರಯನ್ ಓವನ್ ಗೋಲು ಹೊಡೆದರು! ಆಮೇಲೆ ನ್ಯೂಕಾಸಲ್ ಎರಡು ಗೋಲು ಹೊಡೆಯಿತು. ಆಡುತ್ತಲೇ ತಂಡವನ್ನು ನಡೆಸುತ್ತಿದ್ದ ಕಾಲಿನ್ ಆಡಿಸನ್ ಇನ್ನೊಂದು ಗೋಲು ಸೇರಿಸಿ 2-2 ಮಾಡಿದರು. ಮರುಪಂದ್ಯ ಹೆರಿಫರ್ಡಿನಲ್ಲಿ. ಮತ್ತೆ ಮಳೆ, ಮತ್ತೆ ಮುಂದೂಡಿಕೆ. ಕೊನೆಗೆ ಫೆಬ್ರವರಿ 5ರಂದು, ಉಳಿದ ತಂಡಗಳು ನಾಲ್ಕನೆಯ ಸುತ್ತು ಆಡುತ್ತಿದ್ದ ದಿನ, ಇವರ ಮೂರನೆಯ ಸುತ್ತಿನ ಮರುಪಂದ್ಯ ನಡೆಯಿತು.

ಅಂದು ಎಡ್ಗರ್ ಸ್ಟ್ರೀಟಿನ ನೆಲ ನಾಟಿಗೆ ಹದಮಾಡಿದ ಗದ್ದೆಯಂತಿತ್ತು. ಟಿಕೆಟ್ಟಿನ ಲೆಕ್ಕದಂತೆ 14,313 ಜನ. ಐವತ್ತು ಸಾವಿರವೂ ತುಂಬದ ಊರು ಅದೆಂಬುದನ್ನು ಮರೆಯಬೇಡಿ. ಒಳಗೆ ಜಾಗ ಸಿಕ್ಕದವರು ಸುತ್ತಲಿನ ಮರಗಳನ್ನೇರಿದ್ದರು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ನ್ಯೂಕಾಸಲಿನ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ತಲೆಯಿಂದ ಹೊಡೆದು ಗೋಲು ಮಾಡಿದರು. ಚಿಕ್ಕವರ ಆಸೆ ಸಾಮಾನ್ಯವಾಗಿ ಮುಗಿಯುವುದು ಅಲ್ಲಿಗೇ. ಆದರೆ ಅಂದು ಹಾಗಾಗಲಿಲ್ಲ. ರಾನಿ ರ‍್ಯಾಡ್‌ಫರ್ಡ್ ಎಂಬ ಆಟಗಾರ, ವೃತ್ತಿಯಲ್ಲಿ ಬಡಗಿ, ಓವನ್‌ಗೆ ಚೆಂಡು ಕೊಟ್ಟು ಮರಳಿ ಪಡೆದು, ಸುಮಾರು ಮೂವತ್ತು ಗಜ ದೂರದಿಂದ ಕೆಸರಿನಲ್ಲೇ ಬೀಸಿ ಒದ್ದರು. ಚೆಂಡು ಗೋಲಿನ ಮೇಲ್ಮೂಲೆಯನ್ನು ಹೊಕ್ಕಿತು. ಕೋಟು ತೊಟ್ಟ ಹುಡುಗರು ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಹೆಚ್ಚಿನ ಅವಧಿಯಲ್ಲಿ, ಬದಲಿ ಆಟಗಾರನಾಗಿ ಇಳಿದಿದ್ದ ರಿಕಿ ಜಾರ್ಜ್ ಗೆಲುವಿನ ಗೋಲು ಹೊಡೆದರು. 1949ರ ನಂತರ ಲೀಗಿನ ಹೊರಗಿನ ತಂಡವೊಂದು ಮೊದಲನೆಯ ವಿಭಾಗದ ತಂಡವನ್ನು ಕಪ್ಪಿನಲ್ಲಿ ಸೋಲಿಸಿದ್ದು ಅದೇ ಮೊದಲು.

ಆ ದಿನ ಬಿ.ಬಿ.ಸಿ.ಯಿಂದ ಬಂದು ವೀಕ್ಷಕ ವಿವರಣೆ ಕೊಟ್ಟವರು 26 ವರ್ಷದ ಜಾನ್ ಮೋಟ್ಸನ್. ರಾತ್ರಿಯ ಕಾರ್ಯಕ್ರಮದ ಕೊನೆಯಲ್ಲಿ ನಾಲ್ಕಾರು ನಿಮಿಷ ತೋರಿಸಿ ಮುಗಿಸಬೇಕೆಂದಿದ್ದ ಪಂದ್ಯ, ಈ ಗೋಲಿನಿಂದಾಗಿ ಆ ರಾತ್ರಿಯ ಮುಖ್ಯ ಪಂದ್ಯವೇ ಆಯಿತು. ಮೋಟ್ಸನ್ನರ ಬದುಕಿನ ದಾರಿಯೂ ಅಲ್ಲಿಂದ ತೆರೆಯಿತು. ಮುಂದಿನ ಸುತ್ತಿನಲ್ಲಿ ವೆಸ್ಟ್ ಹ್ಯಾಮ್ ತಂಡದೊಡನೆ ಊರಿನಲ್ಲಿ 0-0 ಆಗಿ, ಲಂಡನ್ನಿನಲ್ಲಿ ಜೆಫ್ ಹರ್ಸ್ಟ್ ಹೊಡೆದ ಮೂರು ಗೋಲುಗಳಿಂದ ಹೆರಿಫರ್ಡ್ 1-3ರಿಂದ ಸೋತಿತು. ಅದು ದೊಡ್ಡ ವಿಷಯವಾಗಲಿಲ್ಲ. ಅದೇ ವರ್ಷ ಬೇಸಗೆಯಲ್ಲಿ ಮತದಾನ ನಡೆದಾಗ ಬ್ಯಾರೋ ಎಂಬ ಸಂಘವನ್ನು ಹೊರಗಿಟ್ಟು ಹೆರಿಫರ್ಡನ್ನು ಒಳಗೆ ಕರೆದರು. ಒಬ್ಬರ ಹಬ್ಬ ಇನ್ನೊಬ್ಬರ ಮನೆಯಲ್ಲಿ ಸೂತಕ. ಬ್ಯಾರೋ ಮತ್ತೆ ಲೀಗಿನೊಳಕ್ಕೆ ಬಂದದ್ದು 2020ರಲ್ಲಿ, 48 ವರ್ಷಗಳ ಮೇಲೆ.

ಒಳಗೆ ಬಂದ ಹೆರಿಫರ್ಡ್ ಮೊದಲ ವರ್ಷವೇ ಮೂರನೆಯ ವಿಭಾಗಕ್ಕೆ ಏರಿತು. 1976ರಲ್ಲಿ ಆ ವಿಭಾಗದ ಮೊದಲಿಗನಾಗಿ ಎರಡನೆಯದಕ್ಕೂ ಏರಿತು. ಆದರೆ ಒಂದೇ ವರ್ಷದಲ್ಲಿ ಕೊನೆಯ ಸ್ಥಾನ ಪಡೆದು ಇಳಿಯಿತು. ಮರುವರ್ಷ ಇನ್ನೂ ಒಂದು ಮೆಟ್ಟಿಲು ಇಳಿಯಿತು. ಆ ಬಳಿಕ ಬಹುಕಾಲ ನಾಲ್ಕನೆಯ ವಿಭಾಗವೇ ಗತಿ. ನಡುವೆ 1990ರಲ್ಲಿ ವೆಲ್ಷ್ ಕಪ್ಪನ್ನು ಗೆದ್ದಿತು. ಆದರೆ ಇಂಗ್ಲೆಂಡಿನ ಸಂಘವಾದ್ದರಿಂದ ಆ ಕಪ್ಪಿನ ಲೆಕ್ಕದಲ್ಲಿ ಯೂರೋಪಿನ ಪಂದ್ಯಾವಳಿಗೆ ಹೋಗುವ ಅವಕಾಶ ಸಿಕ್ಕಲಿಲ್ಲ. ಸೋತ ರೆಕ್ಸ್‌ಹ್ಯಾಮ್ ಹೋಯಿತು.

1997ರ ಮೇ 3ರಂದು ಎಡ್ಗರ್ ಸ್ಟ್ರೀಟಿನಲ್ಲಿ ಹೆರಿಫರ್ಡಿಗೂ ಬ್ರೈಟನ್ನಿಗೂ ಕೊನೆಯ ಪಂದ್ಯ. ಗೆದ್ದರೆ ಹೆರಿಫರ್ಡ್ ಉಳಿಯುತ್ತದೆ, ಬ್ರೈಟನ್ ಲೀಗಿನಿಂದ ಹೊರಗೆ. ಪಂದ್ಯ 1-1ರಲ್ಲಿ ನಿಂತಿತು. ಇಬ್ಬರ ಅಂಕಗಳೂ ಸಮ. ವರ್ಷವಿಡೀ ಹೊಡೆದ ಗೋಲುಗಳು ಬ್ರೈಟನ್ನಿನವು ಹೆಚ್ಚಾಗಿದ್ದುದರಿಂದ ಅದು ಉಳಿಯಿತು; ಹೆರಿಫರ್ಡ್ ಹೊರಬಿತ್ತು. ಬ್ರೈಟನ್ ಮುಂದೆ, 2017ರಲ್ಲಿ, ಪ್ರೀಮಿಯರ್ ಲೀಗಿಗೇ ಏರಿತು. ಒಂದು ಗೋಲಿನ ಬೆಲೆ ಎಷ್ಟೆಂಬುದನ್ನು ಹೆರಿಫರ್ಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಒಂದು ಗೋಲು ಅವರನ್ನು ಒಳಗೆ ತಂದಿತ್ತು, ಒಂದು ಗೋಲು ಹೊರಗೆ ಹಾಕಿತು.

2006ರಲ್ಲಿ ಮರಳಿ ಬಂದರು. 2012ರಲ್ಲಿ ಮತ್ತೆ ಹೊರಬಿದ್ದರು. ಅಷ್ಟರಲ್ಲಿ ಸಾಲ ಕುತ್ತಿಗೆಗೆ ಬಂದಿತ್ತು. 2014ರಲ್ಲಿ ಆಟಗಾರರು ಕೊನೆಯ ದಿನದ ಪಂದ್ಯದಲ್ಲಿ ಹೋರಾಡಿ ಸ್ಥಾನ ಉಳಿಸಿಕೊಂಡರೂ, ಕೊಡಬೇಕಾದ ಹಣ ಕೊಡಲಿಲ್ಲವೆಂದು ಜೂನಿನಲ್ಲಿ ಸಂಘವನ್ನೇ ಆ ಲೀಗಿನಿಂದ ತೆಗೆದುಹಾಕಿದರು. ಕೆಳಗಿನ ಲೀಗಿನಲ್ಲಿ ಆಟ ಮುಂದುವರಿಯಿತು. ಆದರೆ ಆಡಳಿತದ ಮೇಲೆ ವಿಶ್ವಾಸ ಕಳೆದುಕೊಂಡ ಬೆಂಬಲಿಗರ ಟ್ರಸ್ಟು ಊರಿನ ಪಂದ್ಯಗಳಿಗೆ ಹೋಗಬಾರದೆಂದು ಕರೆ ಕೊಟ್ಟಿತು. ಹುಟ್ಟಿದಂದಿನಿಂದ ಪ್ರೀತಿಸಿದ ತಂಡ ಒಳಗೆ ಆಡುತ್ತಿರುವಾಗ ಗೇಟಿನ ಹೊರಗೆ ನಿಲ್ಲುವುದು! ಅದು ಸುಲಭವಾದ ಕೆಲಸವೆಂದು ನೀವು ಭಾವಿಸಬಾರದು. 2014ರ ಡಿಸೆಂಬರ್ 19ರಂದು ಲಂಡನ್ನಿನ ಹೈಕೋರ್ಟು ಸಂಘವನ್ನು ಮುಚ್ಚುವಂತೆ ಆಜ್ಞೆ ಮಾಡಿತು. ರ‍್ಯಾಡ್‌ಫರ್ಡರ ಗೋಲನ್ನು ಅಷ್ಟು ವರ್ಷ ಕಪ್ಪಿನ ಕಾಲ ಬಂದಾಗಲೆಲ್ಲ ಟೆಲಿವಿಷನ್ ತೋರಿಸುತ್ತಲೇ ಬಂದಿತ್ತು. ಆದರೆ ಕೀರ್ತಿಯನ್ನು ಅಡವಿಟ್ಟು ಸಾಲ ತೀರಿಸಲು ಬರುವುದಿಲ್ಲವಲ್ಲ!

ಆಗ ಊರು ಏನು ಮಾಡಿತು? ಕೈಕಟ್ಟಿ ಕೂರಲಿಲ್ಲ. ಕೆಲವೇ ದಿನಗಳಲ್ಲಿ ಸ್ಥಳೀಯ ವ್ಯಾಪಾರಸ್ಥರು ಕೆಲವರೂ ಬೆಂಬಲಿಗರ ಟ್ರಸ್ಟೂ ಕೂಡಿ ‘ಹೆರಿಫರ್ಡ್ ಎಫ್.ಸಿ.’ ಎಂಬ ಹೊಸ ಸಂಘ ಕಟ್ಟಿದರು. ಎಡ್ಗರ್ ಸ್ಟ್ರೀಟಿನ ನೆಲ ಸಂಘದ್ದಲ್ಲ, ಸ್ಥಳೀಯ ಆಡಳಿತದ್ದು. ಮುಳುಗಿದ ಕಂಪನಿಯ ಜೊತೆ ಮೈದಾನ ಮುಳುಗಲಿಲ್ಲ. ಗುತ್ತಿಗೆ ಹೊಸಬರ ಕೈಗೆ ಬಂತು. ಆಟ ಮಾತ್ರ ಒಂಬತ್ತನೆಯ ಮೆಟ್ಟಿಲಿನ ಮಿಡ್‌ಲ್ಯಾಂಡ್ ಲೀಗಿನಿಂದ ಶುರುವಾಗಬೇಕಾಯಿತು. 2016, 2017, 2018: ಮೂರು ವರ್ಷವೂ ತಮ್ಮ ಲೀಗಿನ ಮೊದಲಿಗರಾಗಿ ಅವರು ಆರನೆಯ ಮೆಟ್ಟಿಲಿಗೆ ಏರಿದರು.

ಇದರ ನಡುವೆ 2016ರ ಮೇ 22ರಂದು, ಸಣ್ಣ ಸಂಘಗಳಿಗಾಗಿಯೇ ಇರುವ ಎಫ್.ಎ. ವೇಸ್ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಹೆರಿಫರ್ಡ್ ಲಂಡನ್ನಿನ ವೆಂಬ್ಲಿಗೆ ಹೋಯಿತು. ಜೊತೆಗೆ ಊರಿನಿಂದ ಸುಮಾರು ಇಪ್ಪತ್ತು ಸಾವಿರ ಜನ ಹೋದರು. ಮೊದಲ ಗೋಲೂ ಇವರದೇ. ಆಮೇಲೆ ಮಾರ್ಪೆತ್ ಟೌನ್ ತಂಡ ನಾಲ್ಕು ಹೊಡೆದು 4-1ರಿಂದ ಗೆದ್ದಿತು. ಕಥೆಗಾರನಾಗಿದ್ದರೆ ನಾನು ಹೆರಿಫರ್ಡನ್ನೇ ಗೆಲ್ಲಿಸುತ್ತಿದ್ದೆ. ಆಟ ಕಥೆಗಾರನ ಮಾತು ಕೇಳುವುದಿಲ್ಲ. ಆದರೂ ಒಂದು ವರ್ಷದ ಮಗುವಿನಂಥ ಸಂಘದ ಹಿಂದೆ ಅಷ್ಟು ಜನ ಹೊರಟದ್ದನ್ನು ನೆನೆಯಿರಿ. ಅವರು ಹೊಸ ಸಂಘವೊಂದನ್ನು ನೋಡಲು ಹೋದವರೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ನ್ಯಾಯಾಲಯದ ಕಾಗದದಲ್ಲಿ 1924ರ ಸಂಘ 2014ಕ್ಕೆ ಮುಗಿಯಿತು. ಅದು ಕಾನೂನಿನ ಲೆಕ್ಕ, ಸರಿಯಾದ ಲೆಕ್ಕವೇ. ಬಾಕಿ ಸಿಗದೆ ನಷ್ಟಪಟ್ಟವರೂ ಇದ್ದಾರೆ; ಹೊಸ ಹೆಸರಿಟ್ಟುಕೊಂಡ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಆದರೆ ಊರಿನ ಲೆಕ್ಕ ಬೇರೆ. ಹೊಸ ಸಂಘದ ಹೆಸರಿನಿಂದ ‘ಯುನೈಟೆಡ್’ ಎಂಬ ಮಾತು ಹೋಯಿತು. ಬಿಳಿ ಅಂಗಿ, ಕರಿ ಚಡ್ಡಿ, ಗೂಳಿ, ಎಡ್ಗರ್ ಸ್ಟ್ರೀಟ್ ಎಲ್ಲ ಉಳಿದವು. ರ‍್ಯಾಡ್‌ಫರ್ಡ್ 2022ರಲ್ಲಿ ತೀರಿಕೊಂಡರು. ಮರುವರ್ಷ ಮೋಟ್ಸನ್ನರೂ ಹೋದರು. ಆ ಕೆಸರಿನ ಗೋಲು ಸಂಘಕ್ಕೆ ಹೆಸರು ತಂದಿತು ನಿಜ. ಆದರೆ ಸಂಘವನ್ನು ಬದುಕಿಸಿದ್ದು ಅದಲ್ಲ. ಗೆದ್ದಾಗಲೂ ಸೋತಾಗಲೂ ಶನಿವಾರ ಮಧ್ಯಾಹ್ನ ಅದೇ ಜಾಗದಲ್ಲಿ ಬಂದು ನಿಂತವರು, ಬೇಕಾದಾಗ ಹೊರಗೆ ನಿಂತು ‘ಹೀಗಲ್ಲ’ ಎಂದವರು, ಬದುಕಿಸಿದವರು ಅವರು.

ನಿಮ್ಮ ಊರಿನಲ್ಲಿಯೂ ಒಂದು ಆಟದ ಸಂಘವೋ, ನಾಟಕದ ಮಂಡಲಿಯೋ, ವಾಚನಾಲಯವೋ ಇದ್ದೀತು. ಅದರ ಗೋಡೆಯ ಮೇಲೆ ಹಳೆಯ ಗೆಲುವಿನ ಚಿತ್ರವೊಂದು ತೂಗುತ್ತಿದ್ದೀತು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಚಿತ್ರ ನೋಡಿ ಸಂತೋಷಪಡಿ. ಜೊತೆಗೆ ಒಳಗೆ ಹೋಗಿ, ಈ ವರ್ಷದ ಲೆಕ್ಕಪತ್ರ ಹೇಗಿದೆ ಎಂದೂ ಒಂದು ಮಾತು ವಿಚಾರಿಸಿ.