ಏಳು ದಿನದ ವಿರಹ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿ, ಅವರಲ್ಲಿ ಒಬ್ಬಳನ್ನು ಪ್ರೋಷಿತಭರ್ತೃಕೆ ಎಂದು ಕರೆದಿದ್ದಾನೆ. ಗುರುತರವಾದ ಕಾರ್ಯದ ನಿಮಿತ್ತ ಪ್ರಿಯನು ಪರಸ್ಥಳಕ್ಕೆ ಹೋಗಿರಲು ಮುಡಿಯನ್ನು ಓರಣಗೊಳಿಸದೆ ಅವನ ದಾರಿ ನೋಡುತ್ತಿರುವವಳು ಅವಳು. ಈ ಲಕ್ಷಣವನ್ನು ನಾನು ತರಗತಿಯಲ್ಲಿ ಹಲವು ವರ್ಷ ವಿವರಿಸಿದ್ದುಂಟು. ವಿದ್ಯಾರ್ಥಿಗಳ ಗಮನವೆಲ್ಲ ಆ ಕಟ್ಟದ ಮುಡಿಯ ಕಡೆಗೇ ಹೋಗುತ್ತಿತ್ತು. ‘ಕಾರ್ಯದ ನಿಮಿತ್ತ’ ಎಂಬ ಮಾತನ್ನು ಯಾರೂ ಕೇಳಿಸಿಕೊಂಡಂತೆ ತೋರುತ್ತಿರಲಿಲ್ಲ. ಈಗ ನಿವೃತ್ತನಾಗಿ ಯಲಹಂಕದಲ್ಲಿ ನೆಲೆಸಿರುವ ನನಗೆ ಆ ಮಾತೇ ಮುಖ್ಯವಾಗಿ ಕಾಣುತ್ತಿದೆ. ನಮ್ಮ ಸುತ್ತಮುತ್ತ ಮದುವೆಯಾಗಿ ಎರಡು ಮೂರು ವರ್ಷವಾದ ದಂಪತಿಗಳು ಉದ್ಯೋಗದ ಕಾರಣದಿಂದ ಆಗಾಗ ಒಂದು ವಾರ, ಹತ್ತು ದಿನ ಅಗಲಿರುವುದು ತೀರ ಸಾಮಾನ್ಯ. ಭರತನ ಕಾಲಕ್ಕೂ ಈ ಕಾಲಕ್ಕೂ ಇರುವ ಭೇದವೆಂದರೆ, ಇಂದು ಪ್ರಯಾಣದ ಪೆಟ್ಟಿಗೆಯನ್ನು ಹಿಡಿದು ಹೊರಡುವವಳು ಎಷ್ಟೋ ಸಲ ಹೆಂಡತಿ.

ವಿರಹವೆಂದೊಡನೆ ಮೇಘದೂತದ ಯಕ್ಷ ನೆನಪಾಗುವುದು ಸಹಜ. ಆದರೆ ಅವನು ಮಡದಿಯನ್ನು ಅಗಲಿದ್ದು ಕೆಲಸ ಮಾಡಿದ್ದಕ್ಕಲ್ಲ, ಕೆಲಸದಲ್ಲಿ ಎಚ್ಚರ ತಪ್ಪಿದ್ದಕ್ಕೆ. ಅಲಕಾಪುರಿಯಿಂದ ರಾಮಗಿರಿಗೆ ಒಂದು ವರ್ಷ. ಇಂದಿನ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಶಿಕ್ಷಾರೂಪದ ವರ್ಗಾವಣೆ. ಆಷಾಢದಲ್ಲಿ ಮೋಡ ಕಾಣಿಸಿಕೊಂಡಾಗ ಅವನ ಶಾಪದಲ್ಲಿ ಇನ್ನು ಉಳಿದಿದ್ದುದು ನಾಲ್ಕೇ ತಿಂಗಳು. ಅವಧಿ ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವಳು ಹೊಸ್ತಿಲಿನ ಹೂಗಳನ್ನು ನೆಲದ ಮೇಲೆ ಇಟ್ಟು ಉಳಿದ ತಿಂಗಳುಗಳನ್ನು ಎಣಿಸುತ್ತಿರಬಹುದೆಂದು ಅವನು ಊಹಿಸುತ್ತಾನೆ. ಇಬ್ಬರಿಗೂ ಇಲ್ಲದಿದ್ದುದು ಸುದ್ದಿ. ಇಡೀ ಕಾವ್ಯ ಹುಟ್ಟಿದ್ದು ಆ ಒಂದು ಕೊರತೆಯಿಂದ.

ಆಷಾಢವೆಂದಾಗ ನಮ್ಮ ಪದ್ಧತಿಯೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣನ್ನು ಆ ತಿಂಗಳಲ್ಲಿ ತವರಿಗೆ ಕಳುಹಿಸುವುದು ಕರ್ನಾಟಕದ ಅನೇಕ ಮನೆಗಳಲ್ಲಿ ರೂಢಿ. ಬಿತ್ತನೆಯ ಕಾಲ, ಗಂಡಿಗೆ ಹೊಲದ ಕೆಲಸ ತಪ್ಪಬಾರದೆಂದು ಕೆಲವರು ಕಾರಣ ಹೇಳುತ್ತಾರೆ. ಹೆರಿಗೆ ಬೇಸಗೆಯ ಉರಿಬಿಸಿಲಿಗೆ ಬಾರದಿರಲೆಂದು ಇನ್ನು ಕೆಲವರು. ಕಾರಣ ಏನೇ ಇರಲಿ, ಎಳೆಯ ದಂಪತಿಗಳನ್ನು ತಿಂಗಳುಗಟ್ಟಲೆ ಅಗಲಿಸುವುದನ್ನು ಹಿರಿಯರೇ ಶಾಸ್ತ್ರವಾಗಿ ಮಾಡಿದ್ದರು; ಅದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಅದೇ ಹೆಣ್ಣು ಕಚೇರಿಯ ಕೆಲಸಕ್ಕಾಗಿ ಏಳು ದಿನ ರಾಯಚೂರಿಗೆ ಹೊರಟರೆ ಮನೆಯಲ್ಲಿ ಪ್ರಶ್ನೆಗಳು ಏಳುತ್ತವೆ.

ಹೆಂಡತಿ ದೂರವಿರುವಾಗ ಗಂಡ ಮನೆಯಲ್ಲಿ ಒಬ್ಬನೇ ಇರುವ ಚಿತ್ರ ನಮ್ಮ ಕಾವ್ಯದಲ್ಲಿ ಇಲ್ಲವೆಂದಲ್ಲ. 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯಲ್ಲಿ ತವರಿಗೆ ಹೋದ ಮಡದಿ ಗಂಡನಿಗೆ ಸಮಾಧಾನ ಹೇಳುವ ಕವಿತೆಯುಂಟು, ಹೆಂಡತಿಯನ್ನು ಕಾಣಲು ಮಾವನ ಮನೆಗೆ ಬರುವ ಅಳಿಯನನ್ನು ಯಾರು ತಾನೇ ಮರೆತಾರು? ಆ ಗಂಡಿನ ತಹತಹ ಎಷ್ಟು ಚೆಲುವಾಗಿದೆಯೋ ಅಷ್ಟೇ ನಿಶ್ಚಿಂತವಾಗಿಯೂ ಇದೆ. ಅವನ ಮಡದಿ ಹೋಗಿರುವುದು ತಾಯಿಯ ಮಡಿಲಿಗೆ, ವಿಶ್ರಾಂತಿಗೆ. ಆಕೆ ತನ್ನ ಕೆಲಸದ ಮೇಲೆ ಹೋಗಿ, ಅವನು ಅಕ್ಕಿ ತೊಳೆದು ಒಲೆಯ ಮುಂದೆ ನಿಂತಿರುವ ಚಿತ್ರ ಬರೆಯುವ ಅವಕಾಶ ಆ ಕಾಲದ ಕವಿಗೆ ಒದಗಲಿಲ್ಲ.

ಬೆಂಗಳೂರಿನ ಈ ಉತ್ತರ ಭಾಗ ಹೋಗುವವರ ಮತ್ತು ಬರುವವರ ನಾಡು. ಯಲಹಂಕದ ಜಂಕ್ಷನ್ನಿನಿಂದ ಗುಂತಕಲ್ಲು, ರಾಯಚೂರಿನ ಕಡೆಗೆ ರೈಲು. ಯಶವಂತಪುರದಿಂದ ಹುಬ್ಬಳ್ಳಿಯ ಕಡೆಗೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದ ಮೇಲ್ಸೇತುವೆ ನಡುರಾತ್ರಿಯಲ್ಲಿಯೂ ನಿದ್ರಿಸುವುದಿಲ್ಲ. ಇದೇ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ನೆನಪಿಗಾಗಿ ನೆಟ್ಟದ್ದು. ನಗರದ ಅತಿ ಪ್ರಾಚೀನ ಕನ್ನಡ ಬರಹಗಳಲ್ಲಿ ಒಂದಾದ ಅದು ಹೋದವನು ಮರಳಲಿಲ್ಲವೆಂದು ಹೇಳುವ ಬರಹ. ಆ ಭಯವಿದ್ದುದರಿಂದಲೇ ಹಿಂದಿನವರ ವಿರಹಕ್ಕೆ ಅಷ್ಟು ತೂಕ. ಶನಿವಾರ ಬೆಳಗ್ಗೆ ಬರುವ ರೈಲಿಗೆ ಟಿಕೆಟು ಕಾದಿರಿಸಿಕೊಂಡೇ ಹೊರಡುವ ಇಂದಿನವರ ಕಷ್ಟ ಬೇರೆ ಜಾತಿಯದು.

ಸುದ್ದಿಯ ಕೊರತೆಯೂ ಈಗ ಇಲ್ಲ. 1988ರಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಧಾರವಾಡಕ್ಕೆ ಹೋಗಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ನಾಲ್ಕನೆಯ ದಿನ ಹೆಂಡತಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದು ಅಂಚೆಗೆ ಹಾಕಿದೆ. ಪತ್ರಕ್ಕಿಂತ ಮೊದಲು ನಾನೇ ಮನೆ ಸೇರಿದೆ. ಮರುದಿನ ಅಂಚೆಯವನು ತಂದುಕೊಟ್ಟ ಆ ಪತ್ರವನ್ನು ಆಕೆ ನನ್ನೆದುರಿಗೇ ಓದಿದಾಗ, ಬರೆದವನು ಬೇರೆ ಯಾರೋ ಎಂಬಂತೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಇದನ್ನು ಬಾನುಲಿಯಲ್ಲಿ ಹೇಳುವುದು ಆಕೆಗೆ ಇಷ್ಟವಿಲ್ಲ, ಇರಲಿ.

ಸರ್ಕಾರಕ್ಕೂ ದಂಪತಿಗಳ ವಿಷಯದಲ್ಲಿ ದಾಕ್ಷಿಣ್ಯವಿದೆ. ಗಂಡಹೆಂಡಿರಿಬ್ಬರೂ ನೌಕರರಾಗಿದ್ದರೆ ಸಾಧ್ಯವಾದ ಮಟ್ಟಿಗೆ ಒಂದೇ ಊರಿನಲ್ಲಿ ನೇಮಿಸಬೇಕೆಂದು ಕೇಂದ್ರ ಸರ್ಕಾರ 1986ರಲ್ಲಿಯೇ ಸೂಚನೆ ಹೊರಡಿಸಿ, 2009ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ನಮ್ಮ ಶಿಕ್ಷಕರ ವರ್ಗಾವಣೆಯಲ್ಲಂತೂ ‘ದಂಪತಿ ಪ್ರಕರಣ’ ಎಂಬುದು ಮನೆಮಾತು. ಆದರೆ ಒಂದು ವಾರದ ಅಗಲಿಕೆ ಯಾವ ಸುತ್ತೋಲೆಗೂ ನಿಲುಕುವಂಥದಲ್ಲ. ಅದನ್ನು ಮನೆಯವರೇ ತೀರ್ಮಾನಿಸಿಕೊಳ್ಳಬೇಕು.

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ದಂಪತಿಗಳ ಮಾತನ್ನು, ಅವರನ್ನು ಕೇಳಿಯೇ, ಇಲ್ಲಿ ಹೇಳುತ್ತಿದ್ದೇನೆ. ಆತ ಹೆಬ್ಬಾಳದ ಬಳಿಯ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿದ್ದಾನೆ. ಆಕೆ ಬ್ಯಾಂಕೊಂದರ ತಪಾಸಣಾ ವಿಭಾಗದವಳು. ರಾಯಚೂರು, ಬಳ್ಳಾರಿಯ ಕಡೆಯ ಶಾಖೆಗಳ ಲೆಕ್ಕ ನೋಡಲು ಹೋಗುತ್ತಾಳೆ. ಮೊದಲ ಸಲ ಆಕೆ ಹೊರಟಾಗ ತುಮಕೂರಿನಿಂದ ಅವನ ತಾಯಿ ಬಂದರು. ಮಗ ಊಟಕ್ಕೆ ಏನು ಮಾಡಿಯಾನು ಎಂಬ ಚಿಂತೆ. ಅದಕ್ಕೆ ಎರಡು ತಿಂಗಳು ಮೊದಲು ಅವನು ಪುಣೆಗೆ ಹತ್ತು ದಿನ ಹೋಗಿದ್ದಾಗ ಸೊಸೆ ಏನು ಊಟ ಮಾಡಿದಳೆಂದು ಕೇಳಲು ಯಾರೂ ಬರಲಿಲ್ಲವಲ್ಲ ಎಂದು ನನ್ನ ಹೆಂಡತಿ ನನ್ನೊಡನೆ ಮೆಲ್ಲಗೆ ಅಂದಳು.

ಎರಡನೆಯ ಸಲ ತಾಯಿಗೆ ಮೊಣಕಾಲು ನೋವು, ಬರಲಾಗಲಿಲ್ಲ. ಆಗ ದೂರವಾಣಿಯ ಉಪಟಳ ಆರಂಭವಾಯಿತು. ತೊಗರಿಬೇಳೆ ಯಾವ ಡಬ್ಬದಲ್ಲಿದೆ, ಕುಕ್ಕರ್ ಎಷ್ಟು ಸಲ ಕೂಗಬೇಕು, ಗ್ಯಾಸ್ ಸಿಲಿಂಡರಿಗೆ ಹೇಳಿದೆಯೋ ಇಲ್ಲವೋ. ಆಕೆ ರಾಯಚೂರಿನಲ್ಲಿ ಸಾಲದ ಕಡತಗಳನ್ನು ಮುಂದಿಟ್ಟುಕೊಂಡು ಯಲಹಂಕದ ಕುಕ್ಕರಿನ ಕೂಗನ್ನು ಎಣಿಸಬೇಕಾಯಿತು. ಹಿಂದಿರುಗಿದ ದಿನ ನನ್ನ ಹೆಂಡತಿಯೊಡನೆ, “ಆಂಟಿ, ಊರು ಬಿಟ್ಟು ಹೋದೆ, ಅಡುಗೆಮನೆ ನನ್ನ ಜೊತೆಗೇ ಬಂತು” ಎಂದಳಂತೆ. ಯಕ್ಷನಿಗೆ ಮೋಡದ ಬದಲು ದೂರವಾಣಿಯೇ ಇದ್ದಿದ್ದರೆ ಅವನೂ ಇದನ್ನೇ ಕೇಳುತ್ತಿದ್ದನೋ ಏನೋ.

ಅದೇ ಹೊತ್ತಿಗೆ ಆಕೆಗೆ ಬಡ್ತಿಯ ಅವಕಾಶ ಬಂದಿತು. ಒಪ್ಪಿಕೊಂಡರೆ ಪ್ರಯಾಣ ಇನ್ನೂ ಹೆಚ್ಚು. ಬೇಡವೆಂದು ಬರೆದುಕೊಡುವ ಮನಸ್ಸು ಮಾಡಿದ್ದಳು. ನನಗೆ ಕಳವಳವಾದದ್ದು ಆಗ. ಗಂಡನಾಗಲಿ ಅತ್ತೆಯಾಗಲಿ ಬೇಡವೆಂದಿರಲಿಲ್ಲ. ಯಾರೂ ತಡೆಯದೆಯೇ ಒಬ್ಬ ಹುಡುಗಿ ತಾನೇ ನಿಂತುಬಿಡುವುದಕ್ಕೆ ಒಂದು ಡಬ್ಬದ ಬೇಳೆ ಸಾಕು. ಇಂಥ ನಿಲುಗಡೆಗಳನ್ನು ನನ್ನ ವಿದ್ಯಾರ್ಥಿನಿಯರ ಬಾಳಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕೇಳಿದರೆ, “ನಾನೇ ಬೇಡ ಅಂದೆ ಸರ್” ಎನ್ನುತ್ತಾರೆ.

ಮೂರನೆಯ ಪ್ರಯಾಣಕ್ಕೆ ಮುಂಚೆ ಅವರಿಬ್ಬರಲ್ಲಿ ಏನು ಮಾತುಕತೆ ನಡೆಯಿತೋ ತಿಳಿಯದು. ರಾತ್ರಿ ಒಂಬತ್ತು ಗಂಟೆಗೆ ಒಂದೇ ಕರೆ, ಅದರಲ್ಲಿ ಮನೆಯ ವಿಚಾರ ಎತ್ತಕೂಡದು ಎಂದು ಕರಾರಾಯಿತಂತೆ. ಆ ವಾರದ ಮೊದಲ ಎರಡು ದಿನ ಅವನು ಹೆಚ್ಚಾದ ಹಾಲಿನ ಪ್ಯಾಕೆಟ್ಟನ್ನು ನಮಗೆ ತಂದುಕೊಟ್ಟ. ಮೂರನೆಯ ದಿನದಿಂದ ಬರಲಿಲ್ಲ. ಒಂದೇ ಸಾಕೆಂದು ಹಾಲಿನವನಿಗೆ ತಾನೇ ಹೇಳಿದ್ದನಂತೆ. ಒಂದು ಬಾಣಲೆ ಸೀದುಹೋದ ವಾಸನೆ ಕೆಳಗಿನವರೆಗೂ ಬಂತು. ಯಾರೂ ಮೇಲೆ ಹೋಗಿ ವಿಚಾರಿಸಬಾರದೆಂದು ನಾವಿಬ್ಬರೂ ನಿಶ್ಚಯಿಸಿದೆವು. ನನ್ನ ಹೆಂಡತಿಗೆ ಅದು ಬಹಳ ಕಷ್ಟವಾಯಿತು.

ನೊಂದವರು ತಾಯಿ. “ಅಮ್ಮ, ಈ ಸಲ ನೀನು ಬರೋದು ಬೇಡ, ನಾನೇ ನೋಡಿಕೊಳ್ತೀನಿ” ಎಂದು ಮಗ ಹೇಳಿದ ಮೇಲೆ ನಾಲ್ಕು ದಿನ ಅವರು ಮಾತೇ ಆಡಲಿಲ್ಲ. ಸೊಸೆ ಹೇಳಿಕೊಟ್ಟ ಮಾತೆಂದು ಅವರು ಭಾವಿಸಿರಬಹುದು. ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಗನ ಹಸಿವು ಅವರಿಗೆ ಒಂದು ನೆಪ. ಆ ನೆಪದಲ್ಲಿ ಮದುವೆಯಾದ ಮಗನೊಡನೆ ಏಳು ದಿನ ಇರುವ ಭಾಗ್ಯ ಅವರಿಗೆ ಸಿಗುತ್ತಿತ್ತು. ಅದನ್ನು ಅವನು ಕಸಿದುಕೊಂಡದ್ದು ನಿಜ, ಕಸಿದುಕೊಳ್ಳದೆ ಗತಿಯಿರಲಿಲ್ಲವೆಂಬುದೂ ನಿಜ.

ಸೊಸೆ ಹಿಂದಿರುಗಿದ ಮರುವಾರ ಅವರೇ ಬಂದರು. ಮಗ ಮಾಡಿದ ಸಾರಿಗೆ ಉಪ್ಪು ಕಡಿಮೆಯೆಂದು ಹೇಳಿ, ಎರಡನೆಯ ಸಲವೂ ಬಡಿಸಿಕೊಂಡರಂತೆ. ಬಡ್ತಿಯ ಅರ್ಜಿಗೆ ಆಕೆ ಸಹಿ ಹಾಕಿದ್ದಾಳೆ; ಫಲಿತಾಂಶ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಬಳ್ಳಾರಿ.